ನೀರು ಬಿದ್ದ ಎಣ್ಣೆ

ತೊಂಬತ್ತಮೂರರ ಆಷಾಢದ ಒಂದು ಬೆಳಿಗ್ಗೆ, ಪಾಂಡವಪುರದ ಲೇತ್ ಅಂಗಡಿಯ ಬಾಗಿಲು ತೆಗೆದ ತಮ್ಮಯ್ಯ ಮೂಲೆಯ ಕಬ್ಬಿಣದ ಡ್ರಮ್ಮಿನೊಳಗೆ ಇಣುಕಿ, ಬೆರಳದ್ದಿ ನೋಡಿದ. ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ಮಳೆಗೆ ಮೇಲಿನ ಶೀಟು ಸೋರಿತ್ತು. ಎಣ್ಣೆ ಹಾಲಿನಂತೆ ಬೆಳ್ಳಗಾಗಿತ್ತು.

ಈ ಬಣ್ಣ ಅವನು ಬಲ್ಲ. ಚಿನಕುರಳಿಯ ಕಲ್ಲು ಕ್ವಾರಿಯಲ್ಲಿ ಎಣ್ಣೆ ಡಬ್ಬಿಗೆ ಮುಚ್ಚಳ ಹಾಕಲು ಮರೆತು, ನೀರು ಬಿದ್ದು, ಆ ಎಣ್ಣೆ ಹಾಕಿದ ಕಂಪ್ರೆಸರ್ ಯಂತ್ರವೂ ಅವನ ಕೆಲಸವೂ ಒಂದೇ ದಿನ ಹೋಗಿದ್ದವು. ಇಲ್ಲಿಗೆ ಸೇರಿ ನಾಲ್ಕೇ ದಿನ, ಇನ್ನೂ ಗುಡಿಸುವ, ಕಬ್ಬಿಣ ಹೊರುವ ಕೆಲಸವಷ್ಟೇ. "ಇದೂ ಹೋದ್ರೆ ನಾನು ಬೂಕನಕೆರೆಗೆ, ಅಣ್ಣನ ಮನೆಗೆ ಹೊಂಟೆ" ಎಂದು ಹೆಂಡತಿ ಮಾಯಮ್ಮ ಹೇಳಿಯೇ ಕಳಿಸಿದ್ದಳು. ಮಾಲೀಕ ನಿಂಗರಾಜು ಕೆ.ಆರ್. ಪೇಟೆಗೆ ಹೋಗಿದ್ದ, ಸಂಜೆ ಬರುವವನಿದ್ದ.

ಪಕ್ಕದ ಅಂಗಡಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಶೋಯಬ್ ಬಂದು ನೋಡಿದ. "ಕಾಯಿಸಿದ್ರೆ ನೀರು ಬೇರೆ ಆಯ್ತದೆ ತಮ್ಮಯ್ಯಣ್ಣ."

"ಬೆಂಕಿ ಇಕ್ಕಿದ್ರೆ ಅಂಗಡೀನೇ ಹತ್ಕೊಂಡೋಯ್ತದಲ್ಲೋ!"

"ಬೆಂಕಿ ಯಾಕೆ? ಡ್ರಮ್ಮಿನ ಸುತ್ತ ತಂತಿ ಸುತ್ತಿ ಕರೆಂಟ್ ಬುಟ್ರೆ, ಅಯಸ್ಕಾಂತದ ಸೆಳೆತಕ್ಕೇ ಕಬ್ಬಿಣ ಕಾಯ್ತದೆ. ಅಲ್ಲಾ ಕಸಂ, ಹೊಗೇನೂ ಬರಾಕಿಲ್ಲ."

ತಾಮ್ರದ ತಂತಿ ಸುತ್ತಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಮಧ್ಯಾಹ್ನ ಬಂದಾಗ ಸ್ವಿಚ್ಚು ಒತ್ತಿದರೆ, ಡ್ರಮ್ಮು ಜೇನುಗೂಡಿನಂತೆ ಗುಂಯ್‌ಗುಟ್ಟಿತು, ಅಕ್ಕಪಕ್ಕದ ಬಲ್ಬುಗಳೆಲ್ಲ ಮಂಕಾದವು. ಟೀವಿ ಆರಿತೆಂದು ಬಯ್ಯುತ್ತಾ ಬಂದ ಎದುರು ಮನೆ ಪುಟ್ಟಗೌರಮ್ಮ, ಬೆಂಕಿಯಿಲ್ಲದೆ ಆವಿಯಾಡುವ ಡ್ರಮ್ಮು ಕಂಡು ಬೆಚ್ಚಿದಳು. "ಅಯ್ಯೋ, ಇದ್ಯಾವ್ದೋ ಗಾಳಿ ಕಣ್ರಪ್ಪಾ!" ಎಂದವಳೇ ಬೊಗಸೆ ಉಪ್ಪು ತಂದು, ಮೂರು ಸಲ ನಿವಾಳಿಸಿ ಡ್ರಮ್ಮಿನೊಳಕ್ಕೇ ಎಸೆದಳು.

ಇಬ್ಬರೂ ತಲೆ ಚಚ್ಚಿಕೊಂಡರು. ಆದರೆ ಸ್ವಲ್ಪ ಹೊತ್ತಿಗೆ ಬಿಳುಪು ಒಡೆಯಿತು. ಕೆಳಗೆ ನೀರು, ಮೇಲೆ ಎಣ್ಣೆ! ತಮ್ಮಯ್ಯ ಪೈಪಿನಲ್ಲಿ ನೀರೆಳೆದು ಚರಂಡಿಗೆ ಬಿಟ್ಟ. ಎಷ್ಟೋ ತಿಂಗಳ ಮೇಲೆ ಅವನಿಗೆ ನಗು ಬಂದಿತ್ತು.

ಸಂಜೆ ಬಂದ ನಿಂಗರಾಜು ಇಣುಕಿ ನೋಡಿದ. "ಬಿಳೀದೆಲ್ಲೋಯ್ತ್ಲಾ?"

"ನೀರು ಬಿದ್ದಿತ್ತು ಸಾವ್ಕಾರ್ರೇ, ತೆಗ್ದ್ಬುಟ್ಟೆ."

"ನಾನ್ ಉಪ್ಪು ಹಾಕಿದ್ಕೇ ಸರಿಹೋಗಿದ್ದು," ಎಂದಳು ಪುಟ್ಟಗೌರಮ್ಮ, ಎದುರಿನ ಜಗುಲಿಯಿಂದಲೇ.

ನಿಂಗರಾಜು ಹಣೆಗೆ ಕೈ ಹಚ್ಚಿದ. "ನಿನ್ನೆ ನೀನ್ ಮನೆಗೋದ್ಮೇಲೆ ನಾನೇ ನೀರು ಕಲಸಿಟ್ಟಿದ್ದೆ ಕಣ್ಲಾ! ಲೇತಲ್ಲಿ ಕಬ್ಬಿಣ ಕೊರೆಯೋವಾಗ ತಣ್ಣಗಿರ್ಲಿ ಅಂತ ಬುಡೋದೇ ಆ ಬಿಳೀ ಎಣ್ಣೆ. ಈಗ ಉಪ್ಪು ಬೇರೆ! ಮಿಷಿನ್ನೆಲ್ಲಾ ತುಕ್ಕಿಡಿತದೆ. ನಾಳೆಯಿಂದ ಬರ್ಬೇಡ, ಹೋಗು."

ಎಣ್ಣೆಗೆ ನೀರು ಬೀಳಿಸಿದ್ದಕ್ಕೆ ಒಂದು ಕೆಲಸ ಹೋಗಿತ್ತು. ನೀರು ತೆಗೆದಿದ್ದಕ್ಕೆ ಇನ್ನೊಂದು ಹೋಯಿತು. ಮಾಯಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ತಮ್ಮಯ್ಯ ಕತ್ತಲಾಗುವವರೆಗೂ ಬೀದಿ ಸುತ್ತಿ, ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಬಂದ. ಬೂಕನಕೆರೆ ಬಸ್ಸು ಹೊರಡುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಮಾಯಮ್ಮ ಗಂಟು ಹಿಡಿದು ಕೂತಿದ್ದಳು. ಆಗಲೇ ಸುದ್ದಿ ಮುಟ್ಟಿಸಿದ್ದ ಪುಟ್ಟಗೌರಮ್ಮ ಕೆಳಗೆ ನಿಂತು ಕೈ ಬೀಸುತ್ತಿದ್ದಳು.