ಎಡಗೈಯ ಪಾಸು

ಇವತ್ತು ಬೆಳಿಗ್ಗೆ ನೀರುದೋಸೆ ಹೊಯ್ದೆ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿಟ್ಟೆ, ಮಗಳ ಅಂಗಿಗೆ ಇಸ್ತ್ರಿ ಹಾಕಿದೆ, ಅತ್ತಿಗೆಯ ರಗ್ಬಿ ನಿಲ್ಲಿಸಲು ನೋಡಿದೆ. ಮೊದಲ ಮೂರು ಕೆಲಸ ಆಯಿತು!

ಅತ್ತಿಗೆಯೆಂದರೆ ನನ್ನ ಗಂಡನ ಅಕ್ಕ. ವಯಸ್ಸು ಅರುವತ್ತೆರಡು. ನಮ್ಮ ಇಡೀ ನರಿಕೊಂಬು ಊರಿನಲ್ಲಿ ಇವರಷ್ಟು ರಗ್ಬಿ ತಿಳಿದವರು ಇನ್ನೊಬ್ಬರಿಲ್ಲ. ಉಳಿದವರಿಗೆ ಏನೂ ತಿಳಿಯದು, ಇವರಿಗೆ ಹದಿನೈದು ದಿನದ್ದು ತಿಳಿದಿದೆ!

ಮೂಡುಬಿದಿರೆಗೆ ದಿನಾ ಬಸ್ಸಿನಲ್ಲಿ ಹೋಗಿ ಓದುವ ನನ್ನ ಮಗಳಿಗೆ ಹದಿನೈದು ದಿನದ ಹಿಂದೆ ರಗ್ಬಿ ಕೋಚ್ ಎಚ್ಚರಿಕೆ ಕೊಟ್ಟಿದ್ದರು: ಬಲಬದಿಗೆ ಪಾಸು ಸರಿಯಾಗದಿದ್ದರೆ ತಂಡದಲ್ಲಿ ಜಾಗವಿಲ್ಲ. ಅವಳು ಮುಖ ಊದಿಸಿ ಕೂತಳು. ಅತ್ತಿಗೆ ಸುಲಿಯದ ಸಣ್ಣ ತೆಂಗಿನಕಾಯಿ ಎತ್ತಿಕೊಂಡು ಅಂಗಳಕ್ಕಿಳಿದರು.

"ನಿಮ್ಮ ಚೆಂಡಿನ ಆಕಾರ ಇದೇ ಅಲ್ವಾ? ಬಾ, ಕಲಿಯುವ."

ಚೆಂಡನ್ನು ಹಿಂದಿನವರಿಗೇ ಕೊಡಬೇಕೆಂಬ ನಿಯಮ ಅವರಿಗೆ ಥಟ್ಟನೆ ಅರ್ಥವಾಯಿತು. "ನಿನ್ನ ಅಪ್ಪ ಪೇಟೆಯಲ್ಲಿ ಮುಂದೆ ಮುಂದೆ ಹೋಗಿ ಚೀಲವನ್ನೆಲ್ಲ ಹಿಂದಿನವಳ ಕೈಗೆ ಕೊಟ್ಟ ಹಾಗೆ!"

ಜಗಳ ಹತ್ತಿದ್ದು ಎಡಗೈಗೆ.

"ಬಲಕ್ಕೆ ಎಸೆಯುವಾಗ ಎಡಗೈ ಜೋರು ದೂಡಬೇಕು ಅತ್ತೆ."

"ಎಡಗೈಯಲ್ಲಿ ಕೊಡುವುದಾ? ತಕೊಳ್ಳುವವರು ಏನು ಎಣಿಸಿಯಾರು ಮಾರಾಯ್ತಿ!"

ನೆಂಟರಿಗೆ ಒಂದು ಲೋಟ ನೀರನ್ನೂ ಹಾಗೆ ಕೊಟ್ಟವರಲ್ಲ ಅವರು. ಕೊನೆಗೆ ರಾಜಿಯಾಯಿತು. ಎಡಗೈಯಲ್ಲಿ ದೂಡಬಹುದು, ಆದರೆ ಪ್ರತಿ ಸಲ "ಬೇಸರ ಮಾಡಬೇಡಿ" ಎನ್ನಬೇಕು! ಇನ್ನೊಂದು ಷರತ್ತೂ ಇತ್ತು. "ನೀನು ಎಸೆ ಮಾತ್ರ. ಹಿಡಿಯುವುದು ನಾನು." ಹಿಡಿದ ಕಾಯಿಯನ್ನು ಅವರು ನೆಲದಲ್ಲಿ ಉರುಳಿಸಿ ಮರಳಿಸುತ್ತಿದ್ದರು. ಇದೂ ಒಂದು ಹುಚ್ಚು ಎಂದುಕೊಂಡೆ.

ಇವತ್ತು ಆಯ್ಕೆ. ಬೆಳಿಗ್ಗೆ ಬಸ್ಸು ಬರುವವರೆಗೂ ಅತ್ತಿಗೆ ಕಾಯಿ ಹಿಡಿದರು. ನಾವಿಬ್ಬರೂ ಮಗಳ ಜೊತೆಗೇ ಬಸ್ಸು ಹತ್ತಿದೆವು. ಮೈದಾನದಲ್ಲಿ ಮಗಳು ಬಲಕ್ಕೆ ಎಸೆದ ಚೆಂಡು ಗೆಳತಿಯ ಎದೆಗೇ ಹೋಗಿ ಕೂತಿತು. ಜೊತೆಗೇ ಕೂಗು: "ಬೇಸರ ಮಾಡಬೇಡಿ!" ಕೋಚ್ ನನ್ನನ್ನು ನೋಡಿದರು. ನಾನು ಅತ್ತಿಗೆಯನ್ನು ನೋಡಿದೆ. ಅತ್ತಿಗೆ ಆಕಾಶ ನೋಡಿದರು. ಹೆಸರು ಓದಿದಾಗ ಮಗಳದ್ದೂ ಇತ್ತು!

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಬಡಿಸಿದೆ. ಅತ್ತಿಗೆ ಬಟ್ಟಲು ಮುಟ್ಟಲಿಲ್ಲ. "ಹಸಿವಿಲ್ಲ." ಬಂಗುಡೆಯ ಎದುರು ಇವರಿಗೆ ಹಸಿವಿಲ್ಲವೇ? ಮಗಳು ಸೆರಗಿನಡಿಯಿಂದ ಅವರ ಬಲಗೈಯನ್ನು ಎಳೆದು ನೋಡಿದಳು. ಮಣಿಕಟ್ಟು ಬಾತುಹೋಗಿತ್ತು.

"ಹೇಳಬಾರದಿತ್ತಾ ಅತ್ತೆ?"

"ಆ ಕಾಯಿ ನಿನ್ನ ಕೈಗೆ ಬಡಿದಿದ್ದರೆ ಇವತ್ತು ಆಡುವುದು ಯಾರು?"

"ಎಡಗೈಯಲ್ಲಾದರೂ ಉಣ್ಣಿ."

"ಛೀ!"

ಮಗಳು ಮುಳ್ಳು ಬಿಡಿಸಿ, ಅನ್ನ ಕಲಸಿ, ತುತ್ತು ತುತ್ತಾಗಿ ಅವರ ಬಾಯಿಗಿಟ್ಟಳು. ಎರಡು ಬಂಗುಡೆ ಮುಗಿಯಿತು. ಊಟವಾದದ್ದೇ ಅತ್ತಿಗೆಗೆ ನಿದ್ದೆ ಹತ್ತಿತು. ಬಾತ ಕೈ ಮಗಳ ಮಡಿಲಲ್ಲಿತ್ತು. ಅವಳು ಅಲುಗಾಡದೆ ಕೂತಿದ್ದಳು.