ಬಾಗೇವಾಡಿಗೆ ಹೊರಟ ತೆಂಗಿನಕಾಯಿ

ಆಕಾಶ ಕಳಚಿ ಬಿದ್ದರೂ ಸರಿ, ಇಂಡಿಯಿಂದ ಹೊರಟ ತೆಂಗಿನಕಾಯಿ ಒಂದು ಗೀರೂ ಬೀಳದೆ ಬಸವನ ಬಾಗೇವಾಡಿಯನ್ನು ಮುಟ್ಟಿಯೇ ಮುಟ್ಟುತ್ತದೆ ಎಂದು ಸಿಂದಗಿಯ ಸುವರ್ಣಾ ಶಪಥ ಮಾಡಿದ್ದು ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡು. ಸಾಕ್ಷಿಗೆ ಇದ್ದವರು ಗಂಡ ಸಿದ್ದಲಿಂಗ ಮತ್ತು ಒಲೆಯ ಮೇಲಿನ ಹಾಲು. ಶಪಥ ಮುಗಿಯುವ ಹೊತ್ತಿಗೆ ಹಾಲು ಅರ್ಧ ಉಕ್ಕಿ ಹೋಗಿತ್ತು.

ಸುವರ್ಣಾ ಬಸ್ ಸ್ಟ್ಯಾಂಡಿನ ಹತ್ತಿರ ಕುಬಸ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಸಿದ್ದಲಿಂಗನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಗಂಡ ಇವತ್ತಿಗೂ ಹಳೆಯ ಸ್ಕೂಟರನ್ನು ವಾಲಿಸಿ ಸ್ಟಾರ್ಟ್ ಮಾಡುತ್ತಾನೆ. ಹೆಂಡತಿ ಬುಲೆಟ್ ಓಡಿಸುತ್ತಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಹೀಗೆ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳು ಸೇರಿ ಮೋಟರ್‌ಸೈಕಲ್ ಬಳಗ ಕಟ್ಟಿಕೊಂಡಿದ್ದರು. ಈ ಸಲ ಅವರು ಹಮ್ಮಿಕೊಂಡದ್ದು ರಿಲೇ. ಇಂಡಿಯಿಂದ ಒಂದು ವಸ್ತು ಹೊರಡಬೇಕು, ಊರೂರಿಗೆ ಕೈ ಬದಲಾಗಬೇಕು, ಊರೂರಿಗೆ ಗಾಡಿಗಳು ಕೂಡಿಕೊಳ್ಳಬೇಕು, ಕೊನೆಗೆ ಎಲ್ಲರೂ ಒಟ್ಟಾಗಿ ಬಾಗೇವಾಡಿ ಸೇರಬೇಕು. ಆ ವಸ್ತು ಯಾವುದು ಎಂಬಲ್ಲಿಂದಲೇ ಜಗಳ ಶುರುವಾಯಿತು.

ಮುದ್ದೇಬಿಹಾಳದ ಮುಬೀನಾ ಅಪ್ಪನ ಕಾಳುಕಡಿಯ ಅಡತಿ ಅಂಗಡಿಯನ್ನು ನೋಡಿಕೊಳ್ಳುವ ಹುಡುಗಿ. ಅವಳ ಮಾತೂ ತಕ್ಕಡಿಯಲ್ಲಿ ತೂಗಿದ ಮಾತು.

“ಒಂದು ಕಟ್ಟಿಗಿ ತುಂಡು ಸಾಕ್ರಿ ಅಕ್ಕಾರ. ಬಿದ್ರೂ ಏನೂ ಆಗಂಗಿಲ್ಲ” ಎಂದಳು ಅವಳು.

“ಇಷ್ಟು ಮಂದಿ ಹೆಣ್ಣಮಕ್ಕಳು ಕಟ್ಟಿಗಿ ಹಿಡ್ಕೊಂಡು ಹೊಂಟ್ರ ಯಾರನ್ನೋ ಹೊಡ್ಯಾಕ ಹೊಂಟಾರ ಅಂತಾರ. ಶುಭಕ್ಕ ಹೊಂಟೇವಿ, ಕಾಯಿ ಒಯ್ಯೂಣು” ಎಂದಳು ಸುವರ್ಣಾ.

“ಕಾಯಿ ಇರೋದೇ ಒಡ್ಯಾಕ್ರಿ.”

“ನನ್ನ ಕೈಯಾಗಿನ ಕಾಯಿ ಒಡಿಯಂಗಿಲ್ಲ.”

ಮಾತಿಗೆ ಮಾತು ಬೆಳೆದು ಪಂದ್ಯವೇ ಕಟ್ಟಿದರು. ಬಳಗದ ಮುಂದಿನ ದೊಡ್ಡ ಸವಾರಿ ಕಾರವಾರದ ಸಮುದ್ರಕ್ಕೆ. ಕಾಯಿ ಇಡಿಯಾಗಿ ಬಾಗೇವಾಡಿ ಮುಟ್ಟಿದರೆ ಆ ಸವಾರಿಯ ಮುಂದಾಳು ಸುವರ್ಣಾ, ಒಡೆದರೆ ಮುಬೀನಾ. ಸುವರ್ಣಾ ಇದುವರೆಗೆ ಸಮುದ್ರ ಕಂಡವಳಲ್ಲ. ಆಲಮಟ್ಟಿಯ ಹಿನ್ನೀರು ನೋಡಿ, ಸಮುದ್ರ ಇದರ ಅಣ್ಣ ಇರಬೇಕು ಎಂದುಕೊಂಡಿದ್ದಳು ಅಷ್ಟೆ. ಎಲ್ಲರಿಗಿಂತ ಮೊದಲು ತನ್ನ ಬುಲೆಟ್ಟು ಹೋಗಿ ಮರಳಿನ ಮೇಲೆ ನಿಲ್ಲಬೇಕು, ತಾನು ಹೆಲ್ಮೆಟ್ ತೆಗೆದು ಸಮುದ್ರವನ್ನು ನೋಡಬೇಕು ಎಂಬುದು ಅವಳ ಆಸೆ. ಸಣ್ಣ ಆಸೆಯೇನಲ್ಲ, ಅದಕ್ಕಾಗಿ ಅವಳು ರಾತ್ರಿ ನಿದ್ದೆಯಲ್ಲೂ ಗೇರು ಬದಲಿಸುತ್ತಿದ್ದಳು.

ಶಪಥ ಕೇಳಿದ ಸಿದ್ದಲಿಂಗ ಒಲೆ ಆರಿಸುತ್ತ ಹೇಳಿದ, “ನಿನ್ನ ಕೈಯಾಗ ಕಾಯಿ ಕೊಟ್ರ ಬಾಗೇವಾಡಿ ಮುಟ್ಟೋದ್ರಾಗ ಚಟ್ನಿ ಆಗಿರ್ತೈತಿ.”

“ನೋಡ್ತಿರ್ರಿ.”

“ನೋಡಾಕ ಬಾಗೇವಾಡಿಗೇ ಬರ್ತೇನಿ. ನಿಮಗೆಲ್ಲಾ ರೊಟ್ಟಿ ಕಟ್ಕೊಂಡು ಬರ್ತೇನಿ.”

“ರೊಟ್ಟಿ ಜೋಡಿ ಏನ್ ತರ್ತೀರಿ?”

“ಅದರ ಚಿಂತಿ ನಿನಗ ಬ್ಯಾಡ.”

ಗೊತ್ತುಮಾಡಿದ ದಿನ ಇಂಡಿಯ ಗುಲನಾಜ ತನ್ನವರೊಂದಿಗೆ ಸಿಂದಗಿಗೆ ಬಂದಳು. ಬಾಣಂತಿಯ ಕೂಸನ್ನು ಕೊಡುವಂತೆ ಎರಡೂ ಕೈಯಿಂದ ಕಾಯಿ ಕೊಟ್ಟಳು. ಗುರುತಿಗೆಂದು ಇಂಡಿಯವರು ಅದರ ಜುಟ್ಟಿನೊಳಗೆ ಒಂದು ಅರಿಷಿಣದ ಕೊಂಬು ಸಿಕ್ಕಿಸಿ ದಾರ ಸುತ್ತಿದ್ದರು. ಸುವರ್ಣಾಳಿಗೆ ಅಷ್ಟು ಸಾಲಲಿಲ್ಲ. ಅಂಗಡಿಯಿಂದ ಕೆಂಪು ಬಟ್ಟೆಯೊಂದನ್ನು ತಂದು ಕಾಯಿಗೆ ಸುತ್ತಿ, ಗಾಡಿಯ ಟ್ಯಾಂಕಿನ ಮೇಲಿನ ಚೀಲದಲ್ಲಿಟ್ಟು ಸಾರಿದಳು, “ಕೆಂಪು ಅರಿವ್ಯಾಗಿಂದು ಯಾರೂ ಮುಟ್ಟಬ್ಯಾಡ್ರಿ.” ಚಹಾ ಕುಡಿಯುವಾಗ ಹೇಳಿದಳು, ಪೆಟ್ರೋಲ್ ಹಾಕಿಸುವಾಗ ಹೇಳಿದಳು. ಬಂಕಿನ ಹುಡುಗಿ ಕೇಳದಿದ್ದರೂ ಅವಳಿಗೂ ಹೇಳಿದಳು.

ತಾಳಿಕೋಟೆಯ ರಸ್ತೆ ಹಿಡಿದು ಸಾಲಾಗಿ ಗಾಡಿಗಳು ಹೊರಟವು. ಮುಂದೆ ಬುಲೆಟ್ಟು, ಹಿಂದೆ ಉಳಿದವರು. ಹತ್ತಿಯ ಹೊಲದಲ್ಲಿದ್ದವರು ಎದ್ದು ನಿಂತು ಕೈ ಬೀಸಿದರು. ಸುವರ್ಣಾ ಪಟ್ಟದಾನೆಯ ಮೇಲೆ ಕುಳಿತ ರಾಣಿಯ ಹಾಗೆ ಎಡಗೈ ಎತ್ತಿದಳು. ಆದರೆ ಆ ರಸ್ತೆಯ ಮೇಲೆಯೇ ಅವಳ ತವರೂರು ಇದೆ ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. ಇದ್ದದ್ದು ಅವಳ ತಾಯಿ ಶಂಕ್ರೆವ್ವನ ಲೆಕ್ಕದಲ್ಲಿ ಮಾತ್ರ. ಆಕೆ ನಟ್ಟನಡು ರಸ್ತೆಯಲ್ಲಿ ಅಕ್ಕಿ, ಕಾಯಿ ಇಟ್ಟ ಅಗಲ ಪರಾತ ಹಿಡಿದುಕೊಂಡು ನಿಂತಿದ್ದಳು. ಆಕೆಯ ಹಿಂದೆ ಒಂದು ಲಾರಿ, ಎರಡು ಟಂಟಂ ಆಟೋ ಆಗಲೇ ತೆಪ್ಪಗೆ ನಿಂತಿದ್ದವು.

“ಅವ್ವಾ, ನಿಲ್ಲಾಕ ಟೈಮಿಲ್ಲಬೇ. ರಿಲೇ ನಡದೈತಿ.”

“ನಡೀಲಿ. ತವರಮನಿ ಮುಂದ ಹಾದು ಹೋಗೋ ಹೆಣ್ಣಮಗಳು ಉಡಿ ತುಂಬಿಸ್ಕೊಳ್ಳದ ಹೋಗ್ತಾಳೇನು? ಸೆರಗು ಒಡ್ಡು.”

ಸೆರಗು ಎಲ್ಲಿಂದ ಬರಬೇಕು? ಮೈಮೇಲೆ ಇದ್ದದ್ದು ದಪ್ಪ ಜಾಕೀಟು, ಪ್ಯಾಂಟು, ಮೊಳಕಾಲಿಗೆ ಚಿಪ್ಪು. ಸುವರ್ಣಾ ಹೆಲ್ಮೆಟ್ಟನ್ನೇ ತಿರುವಿ ಒಡ್ಡಿದಳು.

“ತಲಿಗೆ ಹಾಕ್ಕೊಳ್ಳೋ ಡಬರ್ಯಾಗ ಯಾರರ ಉಡಿ ತುಂಬ್ತಾರೇನು?” ಎಂದು ಶಂಕ್ರೆವ್ವ ಗದರಿದಳು. ಹಿಂದಿನ ಲಾರಿ ಮೆಲ್ಲಗೆ ಒಮ್ಮೆ ಹಾರ್ನ್ ಹಾಕಿತು. ಆಕೆ ತಿರುಗಿ ನೋಡಿದಳು, ಲಾರಿ ಮತ್ತೆ ಉಸಿರೆತ್ತಲಿಲ್ಲ.

ಸುವರ್ಣಾಳಿಗೆ ತಟ್ಟನೆ ಉಪಾಯ ಹೊಳೆಯಿತು. ಚೀಲದೊಳಗಿನ ಕಾಯಿಗೆ ಸುತ್ತಿದ್ದ ಕೆಂಪು ಬಟ್ಟೆಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ ಒಡ್ಡಿದಳು. ಅಕ್ಕಿ ಬಿತ್ತು, ಉತ್ತತ್ತಿ ಬಿತ್ತು, ಕುಬಸದ ಖಣ ಬಿತ್ತು, ಒಂದು ತೆಂಗಿನಕಾಯಿಯೂ ಬಿತ್ತು. ಶಂಕ್ರೆವ್ವ ತಾನೇ ಗಂಟು ಕಟ್ಟಿ, “ಮನಿ ಮುಟ್ಟೂತನಕ ಬಿಚ್ಚಬ್ಯಾಡ. ಉಡಿ ಕಾಯಿ ಹಾದ್ಯಾಗ ಒಡೀಬಾರದು ನೋಡು” ಎಂದಳು. ಆಮೇಲೆ ಮಗಳ ಗಲ್ಲ ಸವರಿ ಮೆಲ್ಲಗೆ ಕೇಳಿದಳು, “ಸಮುದ್ರ ನೋಡಿ ಬಂದು ನನಗೂ ಹೇಳ್ತಿ ಹೌದಲ್ಲ?” ಸುವರ್ಣಾ ಹೂಂ ಎಂದು ತಲೆಯಾಡಿಸಿದಳು. ಕೆಂಪು ಗಂಟನ್ನೂ ಬರಿ ಮೈಯ ಕಾಯಿಯನ್ನೂ ಒಂದೇ ಚೀಲಕ್ಕೆ ತುರುಕಿ, ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು.

ಮುದ್ದೇಬಿಹಾಳದಲ್ಲಿ ಸ್ವಾಗತ ಭರ್ಜರಿಯಾಗಿತ್ತು. ಮುಬೀನಾಳ ಓಣಿಯೇ ರಸ್ತೆಗೆ ಬಂದಿತ್ತು. ಪಕ್ಕದ ಮನೆಯ ಮುದುಕಿ ಹುಲಿಗೆವ್ವ ಆರತಿ ಎತ್ತಿದಳು, ಗಾಲಿಗೆ ಲಿಂಬೆಹಣ್ಣು ಇಟ್ಟಳು, ಆಮೇಲೆ ಹಣೆ ಬಡಿದುಕೊಂಡಳು.

“ದೃಷ್ಟಿ ತಗ್ಯಾಕ ಕಾಯಿ ತರೋದೇ ಮರತೆನಲ್ಲೋ ಶಿವನೇ.”

“ಅದಕ್ಯಾಕ ಚಿಂತಿ ಮಾಡ್ತಿಬೇ ಆಯಿ? ನನ್ನ ಕಡೆ ಐತಿ” ಎಂದಳು ಸುವರ್ಣಾ. ಸುತ್ತ ಇಷ್ಟೊಂದು ಜನ, ಇಷ್ಟೊಂದು ಫೋನು, ಇಷ್ಟೊಂದು ಹೂವು. ಇಂಥ ಹೊತ್ತಿನಲ್ಲಿ ಯಾರಿಗೆ ತಾನೇ ಉದಾರತನ ಬರುವುದಿಲ್ಲ?

“ಉಡಿ ಕಾಯಿ ಅಲ್ಲ ಹೌದಲ್ಲವಾ? ಅದನ್ನ ಒಡೀಬಾರದು” ಎಂದಳು ಹುಲಿಗೆವ್ವ, ಚೀಲದೊಳಗಿನ ಕೆಂಪು ಗಂಟನ್ನು ನೋಡಿ.

ಸುವರ್ಣಾಳ ತಲೆಯಲ್ಲಿ ಎರಡು ಕಟ್ಟಳೆಗಳಿದ್ದವು. ಕೆಂಪು ಬಟ್ಟೆಯದನ್ನು ಮುಟ್ಟಬಾರದು ಎಂಬುದು ತನ್ನದೇ ಅಪ್ಪಣೆ. ಉಡಿಯ ಕಾಯಿ ಒಡೆಯಬಾರದು ಎಂಬುದು ತಾಯಿಯದು. ಎರಡೂ ಹೋಗಿ ಆ ಒಂದೇ ಕೆಂಪು ಗಂಟಿನ ಮೇಲೆ ಕುಳಿತುಬಿಟ್ಟವು. ಹಾಗಾದರೆ ಉಳಿದದ್ದು ಯಾರ ಹಂಗೂ ಇಲ್ಲದ ಬಿಡಿ ಕಾಯಿ ಎಂದಾಯಿತು.

“ಇದು ಬರೇ ಕಾಯಿ. ಕೆಂಪು ಅರಿವ್ಯಾಗಿಂದು ಮಾತ್ರ ಮುಟ್ಟಬ್ಯಾಡ್ರಿ” ಎಂದು ಗಟ್ಟಿಯಾಗಿ ಸಾರಿ, ತನ್ನ ಕೈಯಾರೆ ಕೊಟ್ಟಳು.

ಹುಲಿಗೆವ್ವನಿಗೆ ವಯಸ್ಸಾಗಿತ್ತು, ತೋಳಿಗೆ ಆಗಿರಲಿಲ್ಲ. ಮೂರು ಸಲ ನಿವಾಳಿಸಿ ಬುಲೆಟ್ಟಿನ ಮುಂದಿನ ಕಲ್ಲಿಗೆ ಒಗೆದಳು. ಕಾಯಿ ಎರಡು ಹೋಳಾಯಿತು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಸುವರ್ಣಾ.

ಜುಟ್ಟಿನಿಂದ ಹಾರಿದ ಅರಿಷಿಣದ ಕೊಂಬು ಉರುಳುತ್ತ ಹೋಗಿ ಮುಬೀನಾಳ ಬೂಟಿನ ಹತ್ತಿರ ನಿಂತಿತು. ಅವಳು ಬಗ್ಗಿ ಎತ್ತಿಕೊಂಡಳು.

“ಅಕ್ಕಾರ, ಇದು ಯಾವ ಕಾಯಿರಿ?”

ಸುವರ್ಣಾಳ ಕೈಗಳು ಚಪ್ಪಾಳೆಯ ನಡುವೆಯೇ ನಿಂತುಹೋದವು.

“ನಾ ಇಂಡಿಯಿಂದ ಎದಿಗೆ ಅವಚಿಕೊಂಡು ತಂದಿದ್ನಲ್ಲಕ್ಕಾ” ಎಂದಳು ಗುಲನಾಜ, ಅಳುವಂತೆ.

ಮುಬೀನಾ ಹೋಳುಗಳನ್ನು ನೋಡಿದಳು, ಸುವರ್ಣಾಳ ಮುಖ ನೋಡಿದಳು. ಪಂದ್ಯ ಗೆದ್ದವಳ ಮುಖದಲ್ಲಿ ಗೆಲುವು ಕಾಣಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದಳು, “ಚೀಲದಾಗ ಇನ್ನೊಂದೈತಲ್ರಿ. ಈ ಕೊಂಬು ಅದಕ್ಕ ಸಿಗಿಸಿ ಕೊಡ್ರಿ. ಬಾಗೇವಾಡ್ಯಾವರಿಗೆ ಹ್ಯಾಂಗ ಗೊತ್ತಾಗ್ತೈತಿ? ನಾವ್ಯಾರೂ ಬಾಯಿ ಬಿಡಂಗಿಲ್ಲ.”

ಸುವರ್ಣಾಳ ಕೈ ಚೀಲದ ತನಕ ಹೋಯಿತು. ಗಂಟನ್ನು ಮುಟ್ಟಿತು ಕೂಡ. ಆ ಗಂಟಿನಲ್ಲೇ ಸಮುದ್ರ ಇತ್ತು, ಮರಳಿತ್ತು, ಎಲ್ಲಕ್ಕಿಂತ ಮುಂದೆ ನಿಂತ ಬುಲೆಟ್ಟು ಇತ್ತು. ಅದರ ಜೊತೆಗೆ ನಡು ರಸ್ತೆಯಲ್ಲಿ ಪರಾತ ಹಿಡಿದು ನಿಂತ ಅವ್ವನೂ ಇದ್ದಳು.

“ಬ್ಯಾಡ ಮುಬೀನಾ. ಇದು ನಮ್ಮವ್ವನ ಉಡಿ. ಪಂದ್ಯ ನಾ ಸೋತೆ.”

ಹುಲಿಗೆವ್ವ ಏನೂ ಆಗಿಯೇ ಇಲ್ಲ ಎಂಬಂತೆ ಹೋಳುಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. “ಚಾ ಕುಡದು ಹೋಗ್ರಿ, ಒಳ್ಳಕಲ್ಲಿನಾಗ ಕೆಲಸ ಐತಿ” ಎಂದು ಒಳಗೆ ನಡೆದಳು.

ಬಾಗೇವಾಡಿಯ ದಾರಿಯಲ್ಲಿ ಸುವರ್ಣಾ ಎಲ್ಲರ ಹಿಂದೆ ಉಳಿದಳು. ಬುಲೆಟ್ಟಿನ ಸದ್ದು ಕೂಡ ತನ್ನನ್ನು ಆಡಿಕೊಂಡಂತೆ ಕೇಳುತ್ತಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಹೆಲ್ಮೆಟ್ಟಿನೊಳಗೆ ಅಳುವುದರಲ್ಲಿ ಒಂದು ಅನುಕೂಲವಿದೆ, ಯಾರಿಗೂ ಕಾಣುವುದಿಲ್ಲ. ಒರೆಸಿಕೊಳ್ಳಲು ಬರುವುದಿಲ್ಲ, ಅದೊಂದೇ ತೊಂದರೆ.

ಬಾಗೇವಾಡಿಯಲ್ಲಿ ಪೆಂಡಾಲು ಹಾಕಿದ್ದರು. ಮೊದಲ ಸಾಲಿನಲ್ಲಿ ಸಿದ್ದಲಿಂಗ, ತೊಡೆಯ ಮೇಲೆ ದೊಡ್ಡ ಬುತ್ತಿಯ ಗಂಟು. ಊರಿನ ಹೆಣ್ಣುಮಕ್ಕಳು ಬೆಳ್ಳಿಯ ತಟ್ಟೆ ಹಿಡಿದು, “ಎಲ್ಲೈತ್ರಿ ಕಾಯಿ?” ಎಂದು ಕೇಳಿದರು.

ಸುವರ್ಣಾ ಮುಂದೆ ಬಂದು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಕೊಂಡಳು. “ಒಡಿಯಂಗಿಲ್ಲ ಅಂದಾಕಿನೂ ನಾನೇ, ಒಡಿಯಾಕ ಕೊಟ್ಟಾಕಿನೂ ನಾನೇ” ಎಂದು ತಲೆ ತಗ್ಗಿಸಿದಳು.

“ಕಾಯಿ ಮುಟ್ಟಿಲ್ಲ ಅಂತ ಯಾರಂದ್ರು?” ಎನ್ನುತ್ತ ಮುಬೀನಾ ತನ್ನ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ತಟ್ಟೆಯಲ್ಲಿಟ್ಟು ಮುಚ್ಚಳ ತೆರೆದಳು. ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಹುಲಿಗೆವ್ವ ಒರಳಿನಲ್ಲಿ ಕುಟ್ಟಿ ಕಳಿಸಿದ ಚಟ್ನಿ ಘಮ್ಮೆಂದಿತು. ಪೆಂಡಾಲಿಗೆ ಪೆಂಡಾಲೇ ನಕ್ಕಿತು.

“ಆದ್ರ ಇಡೀ ಕಾಯಿ ಅಂತ ಪಂದ್ಯ ಕಟ್ಟಿದಾವ್ರು ನೀವೇ ಅಕ್ಕಾರ. ಕಾರವಾರಕ್ಕ ನಾನೇ ಮುಂದಾಳು.”

“ನೀನೇ. ನಾ ಹಿಂದ ಬರ್ತೇನಿ.”

“ಹಿಂದ ಬ್ಯಾಡ್ರಿ, ಬಾಜೂಕ ಬರ್ರಿ. ಸಮುದ್ರದ ಮುಂದ ಇಬ್ರೂ ಕೂಡೇ ಹೆಲ್ಮೆಟ್ ತಗಿಯೂಣು.”

ಸುವರ್ಣಾಳ ಎದೆ ಹಗುರಾಯಿತು. ಹಗುರಾದ ಕೂಡಲೇ ಹಸಿವೂ ಆಯಿತು. ಗಂಡನ ಹತ್ತಿರ ಹೋಗಿ ಬುತ್ತಿಯ ಗಂಟು ಬಿಚ್ಚಿದಳು. ಬಳಗಕ್ಕೆಲ್ಲ ಸಾಲುವಷ್ಟು ಜೋಳದ ರೊಟ್ಟಿ. ಎಲ್ಲ ಎತ್ತಿ ಹುಡುಕಿದರೂ ರೊಟ್ಟಿಯ ಕೆಳಗೆ ರೊಟ್ಟಿಯೇ.

“ಪಲ್ಯ ಇಲ್ಲ, ಶೇಂಗಾ ಹಿಂಡಿ ಇಲ್ಲ, ಮೊಸರು ಸುದ್ದಾ ಇಲ್ಲ. ಇದನ್ನ ಯಾತಕ್ಕ ಹಚ್ಕೊಂಡು ತಿನ್ನೋದ್ರಿ?”

ಸಿದ್ದಲಿಂಗ ಒಂದು ರೊಟ್ಟಿ ಮುರಿದು ಮುಬೀನಾಳ ಡಬ್ಬಿಯ ಕಡೆ ಕೈ ಚಾಚಿದ.

“ಚಟ್ನಿ ನೀ ತರ್ತಿ ಅಂತ ಗೊತ್ತಿತ್ತು. ಅದಕ್ಕ ಬರೇ ರೊಟ್ಟಿ ತಂದೇನಿ.”