ಅಳ್ಳಾಡಸಿದ್ರ ಹತ್ತೋ ಬ್ಯಾಟರಿ

ಕೈಯಾಗೊಂದು ಬ್ಯಾಟರಿ ಇದ್ರ ದಾರಿ ಕಾಣ್ತದ ಅಂತಾರ ಮಂದಿ. ನನಗಂತೂ ಅದು ಬಂದಾಗಿನಿಂದ ಬರೇ ಫಜೀತಿ ಕಂಡಾವ. ಒಂದು ಮುಗೀತು ಅಂತ ಉಸ್ಸಂತ ಕುಂದ್ರೂದ್ರಾಗ ಇನ್ನೊಂದು ಬಾಗಲಾಗ ಬಂದು ನಿಂತಿರ್ತಿತ್ತು.

೧. ಸಂಡಿಗಿ ಸಾಲಿನಾಗ ಸೆಲ್ಲು

ನಿಜಾಮರ ಕಾಲ. ವಾಡಿ ಸ್ಟೇಷನ್ ಎದುರಿಗೆ ನಂದೊಂದು ಗಡಿಯಾರ ರಿಪೇರಿ ಅಂಗಡಿ. ಪ್ಯಾಟ್ಯಾಗಿನ ಬ್ಯಾಟರಿ ಕೊಳ್ಳೋ ತಾಕತ್ತು ಇರಲಿಲ್ಲ, ನಾನೇ ಮಾಡತೀನಿ ಅಂತ ಹಟಕ್ಕ ಬಿದ್ದೆ. ಬಿದಿರಿನ ಕೊಳವಿ ಸಿಕ್ತು, ಒಡದ ಕನ್ನಡಕದ ಗಾಜು ಸಿಕ್ತು. ರೈಲಿನ ಗಾರ್ಡ್ ಸಾಹೇಬ್ರು ತಾವು ಒಗಿಯೋ ಸೆಲ್ಲು, ಒಂದು ಹಳೇ ಬಲ್ಬು ಕೊಟ್ರು. ಕೊಡೂಮುಂದ, "ಹಳಿ ಹತ್ರ ನಿನ್ನ ಬ್ಯಾಟರಿ ಅಳ್ಳಾಡಸಬ್ಯಾಡಪಾ. ಯಾವ ದೀಪ ಅಳ್ಳಾಡಿದ್ರೂ ಡ್ರೈವರ್ ಗಾಡಿ ನಿಲ್ಲಸ್ತಾನ, ಅದು ನಮ್ಮ ಕಾನೂನು" ಅಂತ ಹೇಳಿದ್ರು.

ತೀರಿದ ಸೆಲ್ಲು ಬಿಸಲಿಗಿಟ್ರ ಸ್ವಲ್ಪ ಜೀವ ಹಿಡೀತಾವ. ಮಾಳಿಗಿ ಮ್ಯಾಲ ಹೆಂಡತಿ ಸಂಡಿಗಿ ಹಾಕಿದ್ಲು, ಅದರ ಸಾಲಿನಾಗೇ ಇಟ್ಟು ಬಂದೆ. ಸಂಜಿಗೆ ಆಕಿ ಎಲ್ಲಾ ಬಳಕೊಂಡು ಕೆಳಗ ಬಂದು ಕೇಳಿದ್ಲು: "ಸಂಡಿಗಿ ಎಣ್ಣ್ಯಾಗ ಕರೀತೀನಿ. ಇವನ್ನೇನು ಕೆಂಡದ ಮ್ಯಾಲ ಸುಡಲೇನ್ರೀ?"

೨. ಮುಚ್ಚಳ

ಬಲ್ಬಿನ ಹಿಂದ ಫಳಫಳ ಹೊಳಿಯೋದೊಂದು ತಗಡು ಬೇಕಿತ್ತು. ಹೆಂಡತಿ ತವರಿನಿಂದ ತಂದ ಬೆಳ್ಳಿ ಕುಂಕುಮಡಬ್ಬಿ ಕಣ್ಣಿಗೆ ಬಿತ್ತು. ಅದರ ಮುಚ್ಚಳಕ್ಕ ತೂತು ಹಾಕಿ, ಕೊಳವಿಯೊಳಗ ಅರಗು ಹಚ್ಚಿ ಗಟ್ಟಿ ಕುಂದ್ರಸಿದೆ. ಎಲ್ಲಾ ಛಂದ ಆತು, ಒಂದೇ ಐಬು: ಅಳ್ಳಾಡಸಿದ್ರ ಹತ್ತತಿತ್ತು, ನೆಟ್ಟಗ ಹಿಡದ್ರ ಆರತಿತ್ತು.

ಹೆಂಡತಿ ಮುಚ್ಚಳ ಇಲ್ಲದ ಡಬ್ಬಿ ನೋಡಿದ್ಲು, ಬ್ಯಾಟರಿ ನೋಡಿದ್ಲು, ನನ್ನ ನೋಡಿದ್ಲು. "ಈ ಮನ್ಯಾಗ ಆ ಬ್ಯಾಟರಿ ಇರಬೇಕು, ಇಲ್ಲ ನಾ ಇರಬೇಕು. ಹೇಳ್ರಿ!"

ನಾ ಖೋಡಿ, ಸ್ವಲ್ಪ ವಿಚಾರ ಮಾಡಿದೆ. ವಿಚಾರ ಮುಗಿಯೋದ್ರಾಗ ಆಕಿ ನಾಲವಾರದ ತವರಮನಿ ಮುಟ್ಟಿದ್ಲು.

೩. ಹಕೀಮರ ಇಲಾಜು

ಚಿತ್ತಾಪುರದ ಹಕೀಮರು ಮಂದಿ ಗಂಟಲು ನೋಡಲಿಕ್ಕ ಬ್ಯಾಟರಿ ಕೇಳಿದ್ರು, ಒಯ್ದು ಕೊಟ್ಟೆ. ಮೊದಲನೇ ಪೇಶಂಟು ಒಬ್ಬ ಗೌಡ. ಅಂವ ಬಾಯಿ ತಗದ, ಹಕೀಮರು ಬ್ಯಾಟರಿ ಅಳ್ಳಾಡಸಿದ್ರು. ಬೆಳಕು ಒಮ್ಮೆ ಮೂಗಿನ ಮ್ಯಾಲ, ಒಮ್ಮೆ ಗಡ್ಡದ ಮ್ಯಾಲ ಬಿತ್ತು, ಗಂಟಲಿಗೆ ಮಾತ್ರ ಬೀಳವಲ್ದು.

"ಗೌಡ್ರೇ, ಬೆಳಕು ಹೋದ ಕಡೆ ನಿಮ್ಮ ಬಾಯಿನೂ ಒಯ್ರಿ!"

ಪಾಪ, ಗೌಡ ಅರ್ಧ ತಾಸು ಬಾಯಿ ತಕ್ಕೊಂಡು ತಲಿ ತಿರುವಿದ. ಗಂಟಲಿಗೆ ಅಂತ ಬಂದಾಂವ ತಲಿ ಚಕ್ಕರ್ ಬಂದಿದ್ದಕ್ಕ ಪುಡಿ ಕಟ್ಟಿಸಿಕೊಂಡು ಹೋದ.

ಬ್ಯಾಟರಿ ವಾಪಸ್ ತಂದ ಮ್ಯಾಲ ನನ್ನ ಅಂಗಡಿಗೆ ಶಹಾಬಾದಿನ ಒಬ್ಬಾಕಿ ಮುದುಕಿ ಬಂದ್ಲು, ಎಲ್ಲಾರೂ ಆಕಿಗೆ ಖಾಲಾ ಅಂತಿದ್ರು. ಕೋಳಿ ತತ್ತಿಯೊಳಗ ಮರಿ ಅದನೋ ಇಲ್ಲೋ ಬೆಳಕಿಗೆ ಹಿಡದು ನೋಡಬೇಕಂತ, ಕತ್ತಲಿಗೆ ಕಂಬಳಿ ಹೊತ್ತು ಕುಂತ್ಲು. ಬ್ಯಾಟರಿ ಅಳ್ಳಾಡಸಬೇಕಾದಾಕಿ ಗಡಬಡ್ಯಾಗ ತತ್ತಿ ಅಳ್ಳಾಡಸಿದ್ಲು. "ಏನು ಕಾಣ್ತು, ಖಾಲಾ?" ಅಂದ್ರ, "ಕಲಸೋ ಕೆಲಸ ಆಗ್ಯದ ಬೇಟಾ, ಹುರಿಯೋದೊಂದು ಬಾಕಿ" ಅಂದ್ಲು.

ನಾ ನಗಲಿಲ್ಲ. ಖಾಲಿ ಮನ್ಯಾಗ ಒಲಿ ಹಚ್ಚಿ ಹಚ್ಚಿ ನನಗ ಸಾಕಾಗಿತ್ತು. ಹೆಂಡತಿ ನೆನಪು ಭಾಳ ಆಗಿ, ಬ್ಯಾಟರಿ ಬಗಲಾಗಿಟ್ಟುಕೊಂಡು ನಾಲವಾರದ ಗಾಡಿ ಹತ್ತಿದೆ.

೪. ನಾಲವಾರದಾಗ ನಿಂತ ಗಾಡಿ

ಎಷ್ಟು ಬೇಡಿಕೊಂಡ್ರೂ ಆಕಿ ಜಪ್ಪಯ್ಯ ಅನ್ನಲಿಲ್ಲ. ಸಂಜಿ ಪ್ಯಾಸೆಂಜರಿಗೆ ನನ್ನ ಹತ್ತಿಸಿ ಕಳಸಲಿಕ್ಕ ಬುತ್ತಿ ಹಿಡಕೊಂಡು ಸ್ಟೇಷನ್ನಿಗೆ ಬಂದ್ಲು. ಆಗಲೇ ಮಬ್ಬುಗತ್ತಲಾಗಿತ್ತು.

"ನೀನೂ ಬಾ, ನಿನಗ ಕೈ ಮುಗೀತೀನಿ."

"ನನ್ನ ಮುಚ್ಚಳ ಕೊಡ್ರಿ, ಬರತೀನಿ."

ಬ್ಯಾಟರಿ ಬಿಚ್ಚಲಿಕ್ಕ ಹೋದೆ. ಹಾಳಾದ ಅರಗು ಬಿಡವಲ್ದು! ಅಷ್ಟ್ರಾಗ ಗಾಡಿ ಸೀಟಿ ಹೊಡದು ಹೊಂಟೇ ಬಿಡ್ತು.

"ಇತ್ತ ತರ್ರಿ!" ಅಂತ ಆಕಿ ಕಸಗೊಂಡು, ಮುಚ್ಚಳ ಉದುರಲಿ ಅಂತ ಎರಡೂ ಕೈಲೆ ಬ್ಯಾಟರಿ ಗದಗದ ಅಳ್ಳಾಡಸಿದ್ಲು. ಯಾವತ್ತೂ ಇಲ್ಲದ ಬೆಳಕು ಬಂತು ನೋಡ್ರಿ! ಕೀಂ ಅಂತ ಇಡೀ ಗಾಡಿ ನಿಂತೇ ಹೋತು.

ಸ್ಟೇಷನ್ ಮಾಸ್ತರು ಓಡಿ ಬಂದ್ರು. ಆ ಕಡಿಂದ ಗಾರ್ಡು ಇಳಿದು ಬಂದ್ರು, ನನಗ ಸೆಲ್ಲು ಕೊಟ್ಟ ಅದೇ ಸಾಹೇಬ್ರು! "ದೀಪ ಅಳ್ಳಾಡಸಿದಾಂವ ಯಾಂವ?"

"ನಾನ್ರೀ ಸಾಹೇಬ್ರೇ" ಅಂತ ನಾ ಮುಂದಾದೆ.

ಹೆಂಡತಿ ನನ್ನ ಮಾರಿ ನೋಡಿದ್ಲು. ಸಿಟ್ಟು ಅಲ್ಲೇ ಇಳೀತು. "ನಾ ಗಾಡ್ಯಾಗ ಕುಂದ್ರತೀನಿ. ನೀವು ಲಗೂ ಬರ್ರಿ" ಅಂದು ಬುತ್ತಿ, ಬ್ಯಾಟರಿ ಎರಡೂ ಹಿಡಕೊಂಡು ಹತ್ತಿದ್ಲು. ನನಗ ಹೋದ ಜೀವ ಬಂದಂಗಾತು.

"ಆಕಿಗೆ ಹೇಳು, ವಾಡಿ ಬರೂತನಕ ಅದನ್ನ ಅಳ್ಳಾಡಸಬಾರದು" ಅಂದ್ರು ಗಾರ್ಡು.

ನಾನೂ ಗಂಡಸ್ತನ ತೋರಸಲಿಕ್ಕ ಜೋರಾಗೇ ಒದರಿದೆ: "ಕೇಳಿದೇನು? ಯಾರೇ ಹೇಳಲಿ, ಏನೇ ಆಗಲಿ, ಅಳ್ಳಾಡಸಬ್ಯಾಡ!"

ಗಾರ್ಡು ಗಾಡಿ ಹಿಂದಿನ ತಮ್ಮ ಡಬ್ಬಿಗೆ ಹೋದ್ರು. ಮಾಸ್ತರು ನನ್ನ ಬಿಡಲಿಲ್ಲ. ಹೆಸರೇನು, ಅಪ್ಪನ ಹೆಸರೇನು ಅಂತ ಬರಕೊಳ್ಳಲಿಕತ್ತಿದ್ರು. ಅಷ್ಟ್ರಾಗ ಗಾಡಿ ಹೊಂಟಿತು. ನಾ ಬೆನ್ನು ಹತ್ತಿದೆ, ಧೋತರ ಕಾಲಿಗೆ ತೊಡರಿ ಧಪ್ಪಂತ ಬಿದ್ದೆ. ಕಿಡಕ್ಯಾಗ ಹೆಂಡತಿ ಬ್ಯಾಟರಿ ಹಿಡಕೊಂಡು ಕುಂತಿದ್ಲು.

"ಅಳ್ಳಾಡಸ! ಏ, ಅಳ್ಳಾಡಸ!" ಅಂತ ಬಿದ್ದಲ್ಲಿಂದಲೇ ಒದರಿದೆ.

"ಯಾರೇ ಹೇಳಲಿ ಅಳ್ಳಾಡಸಬ್ಯಾಡ ಅಂದೀರಲ್ರೀ!" ಅಂತ ಬ್ಯಾಟರಿ ನೆಟ್ಟಗ ಎದಿಗೆ ಅವಚಿಕೊಂಡು ವಾಡಿಗೆ ಹೋದ್ಲು. ಲಗ್ನ ಆದ ಮ್ಯಾಲ ಆಕಿ ನನ್ನ ಮಾತು ಕೇಳಿದ್ದು ಅದೇ ಮೊದಲು.